‘ಎಲ್ಲ ದೇವರೇ ನೋಡ್ಕೋತಾನೆ’ ಅನ್ನುವ ತಮ್ಮ, ನಿದ್ದೆಗೆಟ್ಟ ಅಕ್ಕ

ಪ್ರಶ್ನೆ: ನನ್ನ ತಮ್ಮ ಕಥೋಲಿಕ ಗುರು. ದೀಕ್ಷೆಯಾಗಿ ಆರು ವರ್ಷ. ನಾಲ್ಕು ವರ್ಷದಿಂದ ಉತ್ತರದ ಒಂದು ರಾಜ್ಯದಲ್ಲಿ, ಗುಡ್ಡದ ಮೇಲಿನ ಮಿಷನ್ ಊರಿನಲ್ಲಿದ್ದಾನೆ. ಓದಿನಲ್ಲಿ, ಹಾಡಿನಲ್ಲಿ, ಭಾಷಣದಲ್ಲಿ ಎಲ್ಲದರಲ್ಲೂ ಮುಂದಿದ್ದ ಹುಡುಗ. ಈಗ ಫೋನ್ ಮಾಡಿದರೆ, “ನನ್ನಿಂದ ಏನೂ ಆಗಲ್ಲ ಅಕ್ಕ, ನಾನು ಬರೀ ಸೊನ್ನೆ, ಎಲ್ಲ ದೇವರೇ ನೋಡ್ಕೋತಾನೆ” ಅನ್ನುತ್ತಾನೆ. ಮನೆಗೆ ಬಂದು ಎರಡು ವರ್ಷವಾಯಿತು. ಅಮ್ಮನಿಗೆ ಖುಷಿ, ಮಗ ಎಷ್ಟು ದೀನನಾಗಿದ್ದಾನೆ ಅಂತ. ನನಗೆ ಮಾತ್ರ ಭಯ. ದೀನತೆ ಅಂದರೆ ತನ್ನನ್ನೇ ಹೀಗೆ ಹೀಗಳೆಯುವುದಾ? ದೇವರ ಮೇಲೆ ಭಾರ ಹಾಕುವುದು ಅಂದರೆ ಪ್ರಯತ್ನ ಬಿಡುವುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನೂ ಹನ್ನೊಂದು ವರ್ಷ ಮಿಷನ್‌ನಲ್ಲಿದ್ದವನು. ಆಮೇಲೆ ಸೆಮಿನರಿಯಲ್ಲಿ ಗುರು ಅಭ್ಯರ್ಥಿಗಳಿಗೆ ಧರ್ಮಸಭೆಯ ಚರಿತ್ರೆ ಹೇಳಿಕೊಟ್ಟವನು. ನಿಮ್ಮ ತಮ್ಮ ಫೋನಿನಲ್ಲಿ ಹೇಳುವ ಮಾತನ್ನು ನಾನು ಬೇರೆ ಬೇರೆ ಬಾಯಿಂದ ತುಂಬ ಸಲ ಕೇಳಿದ್ದೇನೆ. ಅದೇ ಮಾತನ್ನು ನಿಜವಾದ ದೀನತೆಯಿಂದ ಹೇಳಿದವರೂ ಇದ್ದಾರೆ, ಒಳಗೆ ಸೋತು ಹೋಗಿ ಹೇಳಿದವರೂ ಇದ್ದಾರೆ. ಮಾತು ಒಂದೇ. ಆದ್ದರಿಂದ ಬರೀ ಮಾತು ಕೇಳಿ ಅಮ್ಮ ಸಂತೋಷ ಪಡುವುದೂ, ನೀವು ಗಾಬರಿಯಾಗುವುದೂ ಎರಡೂ ಸ್ವಲ್ಪ ಬೇಗ ಆಯಿತು. ಆದರೆ ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅಕ್ಕಂದಿರಿಗೆ ತಮ್ಮನ ದನಿಯಲ್ಲಿ ಕೇಳಿಸುವುದು ಅವನ ಮೇಲಿನ ಹಿರಿಯ ಗುರುವಾದ ಸುಪೀರಿಯರ್‌ಗೆ ಕಾಗದದಲ್ಲಿ ಕಾಣಿಸುವುದಿಲ್ಲ.

ಮೊದಲು ನಿಮ್ಮ ತಮ್ಮನ ದೀಕ್ಷೆಯ ದಿನವನ್ನು ನೆನಪು ಮಾಡಿಕೊಳ್ಳಿ. ನೀವು ಮುಂದಿನ ಸಾಲಿನಲ್ಲೇ ಕೂತಿದ್ದಿರಬೇಕು. ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಒಂದೊಂದಾಗಿ ಪ್ರಶ್ನೆ ಕೇಳುತ್ತಾರೆ, ಅಭ್ಯರ್ಥಿ ನಿಂತು ಉತ್ತರ ಕೊಡುತ್ತಾನೆ. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಒಂದೇ: ಸಿದ್ಧನಿದ್ದೇನೆ. ಕೊನೆಯ ಪ್ರಶ್ನೆ ಬೇರೆ ಥರ. ತನ್ನನ್ನೇ ತಂದೆಗೆ ಒಪ್ಪಿಸಿಕೊಂಡ ಕ್ರಿಸ್ತನ ಜೊತೆ ದಿನದಿನವೂ ಇನ್ನಷ್ಟು ಒಂದಾಗುತ್ತೀಯಾ ಅನ್ನುವ ಪ್ರಶ್ನೆ. ಅದಕ್ಕೆ ಮಾತ್ರ ಉತ್ತರ ಉದ್ದವಾಗುತ್ತದೆ: ಸಿದ್ಧನಿದ್ದೇನೆ, ದೇವರ ನೆರವಿನಿಂದ. ಇದಾದ ಮೇಲೆ ಅಭ್ಯರ್ಥಿ ನೆಲದ ಮೇಲೆ ಬೋರಲು ಮಲಗುತ್ತಾನೆ, ಜನರೆಲ್ಲ ಸಂತರ ಪ್ರಾರ್ಥನಾಮಾಲೆ ಹಾಡುತ್ತಾರೆ. ಆ ಹೊತ್ತಿಗೆ ತಾಯಂದಿರು ಅಳುತ್ತಾರೆ, ಗೊತ್ತಲ್ಲ.

ಆ ಕೊನೆಯ ಉತ್ತರದಲ್ಲಿ ಎರಡು ತುಂಡುಗಳಿವೆ ನೋಡಿ. ‘ಸಿದ್ಧನಿದ್ದೇನೆ’ ಅನ್ನುವುದು ಒಂದು. ‘ದೇವರ ನೆರವಿನಿಂದ’ ಅನ್ನುವುದು ಇನ್ನೊಂದು. ಬರೀ ಮೊದಲನೆಯದನ್ನು ಹಿಡಿದುಕೊಂಡು ಮಿಷನ್‌ಗೆ ಹೋದವರು ಇದ್ದಾರೆ. ಮೂರು ವರ್ಷದಲ್ಲಿ ಶಾಲೆ, ಆಸ್ಪತ್ರೆ, ಗೋಪುರ ಎಲ್ಲ ಕಟ್ಟಿ, ನಾಲ್ಕನೇ ವರ್ಷ ಊರಿನವರ ಮೇಲೆ ಸಿಟ್ಟು ಮಾಡಿಕೊಂಡು ಹಿಂತಿರುಗುತ್ತಾರೆ. ಬರೀ ಎರಡನೆಯದನ್ನು ಹಿಡಿದುಕೊಂಡವರೂ ಇದ್ದಾರೆ. ಅವರು ಕೈಚೆಲ್ಲಿ ಕೂರುತ್ತಾರೆ. ನಮ್ಮ ಭಾಷೆಯಲ್ಲೇ ಈ ವ್ಯತ್ಯಾಸ ಎಷ್ಟು ಚೆನ್ನಾಗಿದೆ, ಅಲ್ವಾ? ದೇವರ ಮೇಲೆ ಭಾರ ಹಾಕುವುದು ಬೇರೆ, ಕೈಚೆಲ್ಲುವುದು ಬೇರೆ. ಭಾರ ಹಾಕಿದವನ ಕೈ ಖಾಲಿಯಾಗುತ್ತದೆ, ಕೆಲಸಕ್ಕೆ ಸಿಗುತ್ತದೆ. ಕೈಚೆಲ್ಲಿದವನ ಕೈ ಯಾವುದಕ್ಕೂ ಸಿಗುವುದಿಲ್ಲ.

ಸುಮ್ನೆ ಮಾತಿನಲ್ಲಿ ಹೇಳಿದರೆ ಇದು ಉಪದೇಶವಾಗಿಬಿಡುತ್ತದೆ. ಒಬ್ಬ ಗುರುವಿನ ಬದುಕಿನಲ್ಲಿ ತೋರಿಸುತ್ತೇನೆ. ಅವರು ನಮ್ಮ ಕರಾವಳಿಯಲ್ಲೇ ಓಡಾಡಿದವರು. ಸಂತ ಜೋಸೆಫ್ ವಾಜ್.

ಅವರು ಗೋವಾದವರು. 1651ರ ಏಪ್ರಿಲ್ 21ರಂದು ಬಾಣಾವಳಿಯಲ್ಲಿ ಹುಟ್ಟಿದರು, 1676ರಲ್ಲಿ ಗುರುವಾದರು. ದೀಕ್ಷೆಯಾದ ಮೇಲೆ ಬಡವರ ಹಾಗೆ ಬರಿಗಾಲಲ್ಲಿ ನಡೆಯತೊಡಗಿದರು. ಮಾರನೇ ವರ್ಷ, 1677ರ ಆಗಸ್ಟ್ 5ರಂದು, ತಾನು ಮಾತೆ ಮರಿಯಳ ದಾಸ ಎಂದು ಒಂದು ಪತ್ರ ಬರೆದು ಸಹಿ ಹಾಕಿದರು. ಜಮೀನಿನ ಕಾಗದ ಬರೆದುಕೊಡುವ ಹಾಗೆ ತನ್ನನ್ನೇ ಬರೆದುಕೊಟ್ಟರು.

ಅವರ ಮನಸ್ಸಿದ್ದದ್ದು ಸಿಲೋನ್ ಮೇಲೆ, ಅಂದರೆ ಇವತ್ತಿನ ಶ್ರೀಲಂಕಾ. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡಿದ್ದರು. ಕಥೋಲಿಕ ಗುರುಗಳನ್ನು ಹೊರಗೆ ಅಟ್ಟಿದ್ದರು. ಗುರುವಿಗೆ ಮನೆಯಲ್ಲಿ ಜಾಗ ಕೊಟ್ಟವರಿಗೆ ಕಠಿಣ ಶಿಕ್ಷೆ. ಅಲ್ಲಿನ ಕ್ರೈಸ್ತರು ವರ್ಷಗಟ್ಟಲೆ ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಉಳಿದಿದ್ದರು. ವಾಜ್ ಅವರು ನನ್ನನ್ನು ಅಲ್ಲಿಗೆ ಕಳಿಸಿ ಎಂದು ಕೇಳಿದರು. ಮೇಲಿನವರು 1681ರಲ್ಲಿ ಅವರನ್ನು ಕೆನರಾ ಮಿಷನ್‌ನ ಮುಖ್ಯಸ್ಥರನ್ನಾಗಿ ಮಾಡಿ ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿ ಕಡೆಗೆ ಕಳಿಸಿದರು. ಆಗ ಇಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ.

ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಇಲ್ಲಿ ನೆಮ್ಮದಿಯೂ ಇರಲಿಲ್ಲ. ಗೋವಾದ ಮಹಾಧರ್ಮಾಧ್ಯಕ್ಷರ ಅಧಿಕಾರ ನಡೆಯಬೇಕೋ, ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷ ತೋಮಾಸ್ ದೆ ಕಾಸ್ತ್ರೊ ಅವರದ್ದು ನಡೆಯಬೇಕೋ ಎಂದು ಜಗಳ. ಯಾರ ಮಾತು ಕೇಳಬೇಕು ಅಂತ ಜನರಿಗೆ ಗೊಂದಲ. ವಾಜ್ ಅವರು ಗೋವಾ ಕಡೆಯಿಂದ ಬಂದವರು, ಜಗಳ ಬೆಳೆಸುವುದು ಸುಲಭವಿತ್ತು. ಅವರು ಸಮಾಧಾನ ತರಲು ನೋಡಿದರು. ಮೂರು ವರ್ಷ ಊರೂರು ನಡೆದು, ಬಿದ್ದ ಚರ್ಚುಗಳನ್ನು ಎತ್ತಿ ನಿಲ್ಲಿಸಿ, ಮಕ್ಕಳಿಗೆ ಓದು ಕಲಿಸುವ ಏರ್ಪಾಡು ಮಾಡಿ, 1684ರಲ್ಲಿ ಗೋವಾಕ್ಕೆ ಹಿಂತಿರುಗಿದರು. ಮಂಗಳೂರಿನ ಹತ್ತಿರದ ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿದ ಜಾಗದಲ್ಲಿ ನೀರು ಚಿಮ್ಮಿತು ಎಂಬ ನಂಬಿಕೆ ಇದೆ. ಇವತ್ತಿಗೂ ಜನ ಅಲ್ಲಿಗೆ ಹೋಗುತ್ತಾರೆ. ನಿಮಗೂ ಗೊತ್ತಿರಬಹುದು.

ಗೋವಾದಲ್ಲಿ ಆಗ ಒಂದು ನೋವಿನ ವಿಷಯವಿತ್ತು. ಯುರೋಪಿನ ಧಾರ್ಮಿಕ ಸಭೆಗಳು ಸ್ಥಳೀಯ ಗುರುಗಳನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೆಲವು ಗೋವಾ ಗುರುಗಳು ತಾವೇ ಒಟ್ಟಾಗಿ ಬಾಳುವ ಒಂದು ಮನೆ ಶುರು ಮಾಡಿದ್ದರು. ವಾಜ್ ಅವರು 1685ರ ಸೆಪ್ಟೆಂಬರ್‌ನಲ್ಲಿ ಅದನ್ನು ಸೇರಿದರು. ಸೇರಿದ ಕೂಡಲೇ ಅವರನ್ನೇ ಸುಪೀರಿಯರ್ ಮಾಡಿದರು. ಅದೇ ಗೋವಾದ ಒರಾಟರಿ. ದೀನತೆ ಅಂದರೆ ಅವಮಾನವನ್ನು ನುಂಗಿಕೊಂಡು ಮೂಲೆಯಲ್ಲಿ ಕೂರುವುದು ಅಂತ ಯಾರಾದರೂ ಹೇಳಿದರೆ ನಾನು ಈ ಮನೆಯನ್ನು ತೋರಿಸುತ್ತೇನೆ. ಬಾಗಿಲು ಮುಚ್ಚಿದವರನ್ನು ಬೈಯುತ್ತಾ ಕೂರಲಿಲ್ಲ, ‘ನಾವು ಅಷ್ಟಕ್ಕೇ ಯೋಗ್ಯರು’ ಅಂತಲೂ ಅನ್ನಲಿಲ್ಲ. ಒಂದು ಮನೆ ಕಟ್ಟಿದರು. ಮುಂದೆ ಶ್ರೀಲಂಕಾದ ಧರ್ಮಸಭೆ ಉಳಿದಿದ್ದು ಆ ಮನೆಯಿಂದ ಹೋದ ಗುರುಗಳಿಂದಲೇ.

ಸುಪೀರಿಯರ್ ಆದ ಮರುವರ್ಷವೇ, 1686ರಲ್ಲಿ, ಆ ಸ್ಥಾನ ಬಿಟ್ಟು ವಾಜ್ ಅವರು ಹೊರಟರು. ಜೊತೆಗೆ ಮನೆಯ ಸೇವಕ ಜಾನ್. ಇಲ್ಲಿಂದ ಮುಂದೆ ನಿಮ್ಮ ಪ್ರಶ್ನೆಗೆ ನೇರ ಉತ್ತರವಿದೆ. ದೇವರನ್ನು ಅಷ್ಟೊಂದು ನಂಬಿದ ಆ ಮನುಷ್ಯ ಏನೇನು ತಯಾರಿ ಮಾಡಿಕೊಂಡರು ನೋಡಿ. ಕರಾವಳಿ ಹಿಡಿದು ತೂತುಕುಡಿ ತನಕ ಹೋದರು. ಅಲ್ಲಿ ತಮಿಳು ಕಲಿತರು. ಗುರುವಿನ ನಿಲುವಂಗಿ ತೆಗೆದಿಟ್ಟು ಕೂಲಿಯವನ ಬಟ್ಟೆ ಹಾಕಿಕೊಂಡರು. 1687ರಲ್ಲಿ ದೋಣಿ ಹತ್ತಿದರು. ಭಾಷೆ, ವೇಷ, ದಾರಿ ಎಲ್ಲವನ್ನೂ ಯೋಚಿಸಿದ್ದರು. ‘ದೇವರು ನೋಡ್ಕೋತಾನೆ, ತಮಿಳು ಯಾಕೆ?’ ಅನ್ನಲಿಲ್ಲ.

ಅಷ್ಟು ತಯಾರಿ ಮಾಡಿಕೊಂಡ ಮೇಲೂ ಏನಾಯಿತು? ದಾರಿಯಲ್ಲಿ ಬಿರುಗಾಳಿ. ಹಸಿವು. ಜಾಫ್ನಾ ಮುಟ್ಟುವ ಹೊತ್ತಿಗೆ ಇಬ್ಬರಿಗೂ ಮೈಯಲ್ಲಿ ತ್ರಾಣವಿಲ್ಲ. ವಾಜ್ ಅವರಿಗೆ ರಕ್ತಭೇದಿ ಜೋರಾಯಿತು. ಸಾಂಕ್ರಾಮಿಕ ರೋಗವೇನೋ ಎಂದು ಹೆದರಿದ ಜನ ಅವರನ್ನು ಊರಾಚೆ ಬಿಟ್ಟರು. ಒಬ್ಬ ಹೆಂಗಸು ಅಲ್ಲಿಗೆ ಗಂಜಿ ತಂದುಕೊಡುತ್ತಿದ್ದಳು ಎಂದು ಅವರ ಜೀವನಚರಿತ್ರೆಗಳಲ್ಲಿದೆ.

ನಾನು ತರಗತಿಯಲ್ಲಿ ಈ ಭಾಗಕ್ಕೆ ಬಂದಾಗ ಯಾವಾಗಲೂ ನಿಲ್ಲಿಸುತ್ತಿದ್ದೆ. ಒಂದು ದ್ವೀಪದ ಕಥೋಲಿಕರಿಗೆಲ್ಲ ಪರಮ ಪ್ರಸಾದ ಕೊಡಲು ಬಂದ ಗುರು ಇವರು. ಆ ದ್ವೀಪದಲ್ಲಿ ಇವರು ಮಾಡಿದ ಮೊದಲ ಕೆಲಸ ಏನು? ಕೈಚಾಚಿ ಗಂಜಿ ಇಸಿದುಕೊಂಡದ್ದು. ಕೊಡಲು ಬಂದವರು ಮೊದಲು ಪಡೆದರು. ದೇವರನ್ನು ನೆಚ್ಚಿ ಬಂದವರಿಗೆ ದೇವರು ಕಳಿಸಿದ್ದು ದೇವದೂತನನ್ನಲ್ಲ. ಮಡಕೆಯಲ್ಲಿ ಗಂಜಿ ಹಿಡಿದುಕೊಂಡ ಒಬ್ಬ ಹೆಣ್ಣುಮಗಳನ್ನು.

ಶುಭಸಂದೇಶದಲ್ಲೂ ಹೀಗೇ ಇದೆ. ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸುತ್ತಾರೆ. ಹಣದ ಚೀಲ ಬೇಡ, ಜೋಳಿಗೆ ಬೇಡ, ನಿಮ್ಮನ್ನು ಬರಮಾಡಿಕೊಂಡ ಮನೆಯಲ್ಲಿ ಇಟ್ಟದ್ದನ್ನು ಉಣ್ಣಿ ಅನ್ನುತ್ತಾರೆ. ಲೂಕನ ಹತ್ತನೇ ಅಧ್ಯಾಯ ತೆಗೆದು ನೋಡಿ. ಜೋಳಿಗೆ ಇಲ್ಲದವನು ಯಾರದ್ದಾದರೂ ಮನೆಯ ಬಾಗಿಲು ತಟ್ಟಲೇಬೇಕು. ಒಬ್ಬನೇ ಹೋಗಬಾರದು, ಜೊತೆಗೊಬ್ಬ ಇರಬೇಕು. ಅಂದರೆ ದೇವರ ಮೇಲಿನ ನೆಚ್ಚಿಕೆಗೆ ಮನುಷ್ಯರ ಮುಖಗಳಿವೆ. ನಾನು ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ನಂಬಿದ್ದು ಇದನ್ನೇ. ‘ನನಗೆ ದೇವರೊಬ್ಬನೇ ಸಾಕು’ ಅಂದುಕೊಂಡು ಪಕ್ಕದ ಮನೆಯ ಗಂಜಿಯನ್ನು ಬೇಡ ಅನ್ನುವವನು ದೇವರನ್ನು ನೆಚ್ಚಿಲ್ಲ. ತನ್ನನ್ನೇ ನೆಚ್ಚಿಕೊಂಡಿದ್ದಾನೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನನ್ನ ಮೊದಲ ಮಿಷನ್ ಊರಿನಲ್ಲಿ ಒಮ್ಮೆ ಜ್ವರ ಬಂತು. ಯಾರಿಗೂ ತೊಂದರೆ ಕೊಡಬಾರದು ಎಂದು ಬಾಗಿಲು ಹಾಕಿಕೊಂಡು ಮಲಗಿದೆ. ಬಿಸ್ಕತ್ತು, ನೀರು, ಮಾತ್ರೆ. ಇದೇ ತ್ಯಾಗ, ಇದೇ ದೀನತೆ ಅಂತ ಅಂದುಕೊಂಡಿದ್ದೆ. ಮೂರನೇ ದಿನ, ಊರಿನವರಿಗೆ ಧರ್ಮಪಾಠ ಹೇಳಿಕೊಡುವ ಉಪದೇಶಿಯ ಹೆಂಡತಿ ಬಾಗಿಲು ಬಡಿದಳು. ತೆಗೆಯುವ ತನಕ ಬಿಡಲಿಲ್ಲ. ಕೈಯಲ್ಲಿ ಮುಚ್ಚಳ ಹಾಕಿದ ಅಲ್ಯೂಮಿನಿಯಂ ಪಾತ್ರೆ, ಒಳಗೆ ಬಿಸಿ ಅನ್ನದ ತಿಳಿ. ಅವಳ ಭಾಷೆಯಲ್ಲಿ ಹೇಳಿದ್ದನ್ನು ನಮ್ಮ ಮಾತಲ್ಲಿ ಹೇಳುತ್ತೇನೆ: “ನಮ್ಮ ಮನೆ ಸಾವಿಗೆ ನೀವು ಬರ್ತೀರಿ. ನಿಮ್ಮ ಜ್ವರಕ್ಕೆ ನಾವು ಬರಬಾರದಾ?” ನನಗೆ ಉತ್ತರ ಕೊಡಲು ಆಗಲಿಲ್ಲ. ಆ ಊರಿನವರು ಅಲ್ಲಿಯ ತನಕ ನನ್ನನ್ನು ಗೌರವದಿಂದ ನೋಡುತ್ತಿದ್ದರು. ಆ ದಿನದ ಮೇಲೆ ನನ್ನ ಜೊತೆ ಮಾತಾಡತೊಡಗಿದರು.

ವಾಜ್ ಅವರ ಕಥೆ ಮುಗಿದಿಲ್ಲ. ಮೈ ಚೇತರಿಸಿಕೊಂಡ ಮೇಲೆ ಅವರು ಭಿಕ್ಷುಕನ ಹಾಗೆ ಮನೆಮನೆಗೆ ಹೋದರು. ಕೊರಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಜಪಮಾಲೆ. ಭಿಕ್ಷೆ ಹಾಕುವವರು ಅದನ್ನು ಹೇಗೆ ನೋಡುತ್ತಾರೆ ಎಂದು ಮುಖ ಗಮನಿಸುತ್ತಿದ್ದರು. ಯಾರ ಕಣ್ಣು ಅದರ ಮೇಲೆ ನಿಲ್ಲುತ್ತದೋ ಅವರು ಗುಟ್ಟಾಗಿ ಉಳಿದ ಕಥೋಲಿಕರಿರಬಹುದು. ಹಾಗೆ ಒಂದೊಂದೇ ಮನೆ ಗೊತ್ತಾಯಿತು. ಪೂಜೆ ನಡೆಯುತ್ತಿದ್ದದ್ದು ರಾತ್ರಿ ಹೊತ್ತು. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ಜಾಫ್ನಾದಲ್ಲಿ ಸೇರಿದ್ದ ಕಥೋಲಿಕರ ಮೇಲೆ ದಾಳಿ ಮಾಡಿ ಜನರನ್ನು ಹಿಡಿದರು, ಹೊಡೆದರು. ವಾಜ್ ಅವರು ಸಿಕ್ಕಲಿಲ್ಲ. ಜನರಿಗೆ ಇನ್ನೂ ಅಪಾಯವಾಗಬಾರದೆಂದು ಪುತ್ತಳಂ ಕಡೆಗೆ, ಕ್ಯಾಂಡಿ ರಾಜನ ಸೀಮೆಗೆ ಸರಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂಬ ಚಾಡಿ ಮಾತಿನಿಂದ ಸೆರೆಯಾದರು. ಸೆರೆಯಲ್ಲಿದ್ದಾಗ ಸಿಂಹಳ ಕಲಿತರು! ಕೈಕಟ್ಟಿ ಹಾಕಿದ ಜಾಗದಲ್ಲೂ ಮನುಷ್ಯ ಪಾಠಕ್ಕೆ ಕೂತಿದ್ದಾರೆ. ಇದನ್ನು ನಿಮ್ಮ ತಮ್ಮನಿಗೆ ಬಿಡದೆ ಹೇಳಿ.

ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂತು, ಅದನ್ನು ಕಂಡು ರಾಜ ಎರಡನೇ ವಿಮಲಧರ್ಮಸೂರ್ಯ ಅವರಿಗೆ ಓಡಾಡಲು ಅನುಮತಿ ಕೊಟ್ಟ ಎಂದು ಪರಂಪರೆ ಹೇಳುತ್ತದೆ. ಮಳೆಯ ಕಥೆ ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1697. ಆ ವರ್ಷ ಕ್ಯಾಂಡಿಯಲ್ಲಿ ಸಿಡುಬು ಬಿತ್ತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡುತ್ತಿದ್ದರು. ವಾಜ್ ಅವರೂ ಜೊತೆಯವರೂ ಜಾತಿ ಧರ್ಮ ನೋಡದೆ ಹುಣ್ಣು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಹತ್ತು ವರ್ಷದ ಹಿಂದೆ ತನ್ನನ್ನೂ ಊರಾಚೆ ಬಿಟ್ಟದ್ದು ಅವರಿಗೆ ಆಗ ನೆನಪಾಗದೆ ಇರುತ್ತದೆಯೇ? ಗಂಜಿ ಇಸಿದುಕೊಂಡ ಕೈಗೆ ಗಂಜಿ ಕುಡಿಸುವುದು ಹೇಗೆಂದು ಗೊತ್ತಿತ್ತು.

ಇನ್ನೊಂದು ಮಾತು, ಇದು ಗುರುಗಳಿಗೆ ತುಂಬ ಕಷ್ಟದ್ದು. 1705ರಲ್ಲಿ ಗೋವಾದಿಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಕಿರಿಯ ಗುರು ಬಂದರು. ವಿದ್ಯೆಯಲ್ಲಿ, ಭಾಷೆಯಲ್ಲಿ ತುಂಬ ದೊಡ್ಡವರು. ಸಿಂಹಳದ ಕಥೋಲಿಕ ಸಾಹಿತ್ಯಕ್ಕೆ ಅವರೇ ಪಿತಾಮಹ ಅನ್ನುತ್ತಾರೆ. ತನಗಿಂತ ಚುರುಕಾದ ಕಿರಿಯನೊಬ್ಬ ಬಂದಾಗ ಹಿರಿಯ ಏನು ಮಾಡುತ್ತಾನೆ ಎಂಬಲ್ಲಿ ದೀನತೆ ಗೊತ್ತಾಗುತ್ತದೆ. ವಾಜ್ ಅವರು ಅವರಿಗೆ ದಾರಿ ಬಿಟ್ಟುಕೊಟ್ಟರು, ಬರೆಯಲು ಹಚ್ಚಿದರು. ಪೋಪರ ಪ್ರತಿನಿಧಿ ತಮ್ಮನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲು ಯೋಚಿಸಿದಾಗಲೂ ವಾಜ್ ಅವರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 24 ವರ್ಷದಲ್ಲಿ ಒಮ್ಮೆಯೂ ಗೋವಾಕ್ಕೆ ವಾಪಸ್ ಹೋಗಲಿಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತ ಎಂದು ಸಾರಿದರು.

ಈಗ ನೀವು ಹೇಳಬಹುದು, ಅವರು ಸಂತರು, ಅವರ ಕೆಲಸ ಫಲ ಕೊಟ್ಟಿತು, ನನ್ನ ತಮ್ಮನಿಗೆ ಫಲವೇ ಕಾಣುತ್ತಿಲ್ಲವಲ್ಲ ಅಂತ. ನ್ಯಾಯವಾದ ಮಾತು. ಅದಕ್ಕೆ ಇನ್ನೊಬ್ಬರ ಹೆಸರು ಹೇಳುತ್ತೇನೆ. ಶಾರ್ಲ್ ದ ಫೂಕೊ. ಫ್ರಾನ್ಸಿನವರು, ಮೊದಲು ಸೈನ್ಯದಲ್ಲಿ ಅಧಿಕಾರಿ. 1901ರಲ್ಲಿ ಗುರುವಾಗಿ ಸಹಾರಾ ಮರುಭೂಮಿಗೆ ಹೋದರು. 1905ರಿಂದ ತಮನ್ರಾಸೆಟ್ ಎಂಬ ಜಾಗದಲ್ಲಿ ತುವಾರೆಗ್ ಜನರ ನಡುವೆ ವಾಸ. ತನ್ನ ಜೊತೆ ಬಾಳಲು ಸಹೋದರರು ಬರುತ್ತಾರೆ ಎಂದು ಕಾದರು. ಕೊನೆಯ ತನಕ ಯಾರೂ ಬಂದು ನಿಲ್ಲಲಿಲ್ಲ. ಊರು ಊರೇ ಕ್ರೈಸ್ತವಾಗುವುದಂತೂ ದೂರದ ಮಾತು.

1908ರ ಜನವರಿಯಲ್ಲಿ ಅವರು ಹಾಸಿಗೆ ಹಿಡಿದರು. ಸುತ್ತಲೂ ಬರಗಾಲ. ತನ್ನಲ್ಲಿದ್ದದ್ದನ್ನು ಹಸಿದವರಿಗೆ ಹಂಚಿಬಿಟ್ಟಿದ್ದರು. ಇನ್ನು ಸಾಯುವುದೇ ಅಂದುಕೊಂಡಾಗ ತುವಾರೆಗ್ ಜನ ಆ ಬರದಲ್ಲೂ ಸುತ್ತಮುತ್ತಲ ಮೇಕೆಗಳನ್ನು ಹುಡುಕಿ, ಹಾಲು ಕರೆದು ತಂದು ಅವರನ್ನು ಉಳಿಸಿದರು. ಆ ಜನ ಮುಸ್ಲಿಮರು. ಅವರನ್ನು ಉಳಿಸಲು ಬಂದ ಗುರು ಅವರಿಂದಲೇ ಉಳಿದರು. ಆಮೇಲಿನ ವರ್ಷಗಳಲ್ಲಿ ಫೂಕೊ ದಿನವೂ ಗಂಟೆಗಟ್ಟಲೆ ಕೂತು ತುವಾರೆಗ್ ಭಾಷೆಯ ನಿಘಂಟು ಬರೆದರು, ಹಾಡು ಕವಿತೆಗಳನ್ನು ಸಂಗ್ರಹಿಸಿದರು. 1916ರ ಡಿಸೆಂಬರ್ 1ರಂದು ಗುಂಡೇಟಿಗೆ ಸತ್ತರು. ಲೆಕ್ಕ ಹಾಕುವವರ ಕಣ್ಣಿಗೆ ಆ ಬದುಕು ಪೂರಾ ಸೊನ್ನೆ. ಅವರನ್ನು ಅನುಸರಿಸುವ ಸಭೆಗಳೆಲ್ಲ ಹುಟ್ಟಿದ್ದು ಅವರು ಸತ್ತ ಮೇಲೆ. 2022ರಲ್ಲಿ ಅವರೂ ಸಂತರಾದರು.

‘ನಾನು ಬರೀ ಸೊನ್ನೆ’ ಅನ್ನುವ ನಿಮ್ಮ ತಮ್ಮನ ಮಾತಿಗೆ ಈಗ ಬರುತ್ತೇನೆ. ಒಬ್ಬ ಗುರು ಈ ಮಾತು ಹೇಳಬಹುದಾ? ಹೇಳಬಹುದು, ದಿನಾ ಪೂಜೆಯಲ್ಲಿ ಹೇಳುತ್ತಾನೆ ಕೂಡ. ಸ್ವಾಮಿ, ನೀವು ನನ್ನ ಬಳಿ ಬರಲು ನಾನು ಯೋಗ್ಯನಲ್ಲ ಎಂದು ಜನರ ಜೊತೆ ಸೇರಿ ಹೇಳುತ್ತಾನೆ. ಆದರೆ ಆ ಮಾತು ಅಲ್ಲಿಗೇ ನಿಲ್ಲುವುದಿಲ್ಲ, ಒಂದು ಮಾತು ಹೇಳಿದರೆ ಸಾಕು, ಗುಣವಾಗುತ್ತೇನೆ ಅಂತ ಮುಂದುವರಿಯುತ್ತದೆ. ಅದನ್ನು ಹೇಳಿದವನು ಮರುಕ್ಷಣ ಪರಮ ಪ್ರಸಾದ ತೆಗೆದುಕೊಂಡು ಮೆಟ್ಟಿಲಿಳಿದು ಜನರ ಕಡೆಗೆ ನಡೆಯುತ್ತಾನೆ. ಅಯೋಗ್ಯ ಅಂದವನು ಓಡಿಹೋಗಲಿಲ್ಲ. ಸಂತ ಪೌಲರೂ ತಾನು ದುರ್ಬಲ ಅನ್ನುತ್ತಾರೆ, ನಮ್ಮದು ಮಣ್ಣಿನ ಮಡಕೆ ಅನ್ನುತ್ತಾರೆ. ಆದರೆ ಒಳಗೆ ನಿಧಿ ಇದೆ ಅಂತಲೂ ಅದೇ ಉಸಿರಿನಲ್ಲಿ ಹೇಳುತ್ತಾರೆ. ಅದೇ ಪೌಲರು ಡೇರೆ ಹೊಲಿದು ಹೊಟ್ಟೆ ಹೊರೆದವರು.

ಮಡಕೆ ಮಣ್ಣಿನದು ಅಂತ ಮಾತ್ರ ನೆನಪಿದ್ದು, ಒಳಗಿನ ನಿಧಿ ಮರೆತುಹೋದರೆ ಅದು ದೀನತೆಯಲ್ಲ. ಅದು ದಣಿವು, ಇಲ್ಲವೇ ಕಾಯಿಲೆ. ಓದಿನಲ್ಲಿ ಹಾಡಿನಲ್ಲಿ ಮುಂದಿದ್ದ ಹುಡುಗರಿಗೆ ಇದು ಜಾಸ್ತಿ ಆಗುವುದನ್ನು ನಾನು ನೋಡಿದ್ದೇನೆ. ಚಪ್ಪಾಳೆ ಕೇಳಿ ಬೆಳೆದವರು. ಮಿಷನ್‌ನಲ್ಲಿ ಚಪ್ಪಾಳೆ ಇಲ್ಲ. ಭಾಷೆ ಬಾರದೆ ಐದು ವರ್ಷದ ಮಗುವಿನ ಹತ್ತಿರ ತಿದ್ದಿಸಿಕೊಳ್ಳಬೇಕು. ಆಗ ಕೆಲವರು ತಮ್ಮನ್ನೇ ಹೊಡೆದುಕೊಳ್ಳತೊಡಗುತ್ತಾರೆ, ಅದಕ್ಕೆ ದೀನತೆ ಎಂಬ ಒಳ್ಳೆಯ ಹೆಸರನ್ನೂ ಇಡುತ್ತಾರೆ. ಸೆಮಿನರಿಯಲ್ಲಿ ನಾವು ಇದನ್ನು ಸರಿಯಾಗಿ ಕಲಿಸಲಿಲ್ಲವೇನೋ ಎಂಬ ದುಃಖ ನನಗಿದೆ. ಕೊಡುವುದನ್ನು ಕಲಿಸಿದೆವು. ಪಡೆಯುವುದನ್ನು ಕಲಿಸಲಿಲ್ಲ.

ಬೈಬಲಿನಲ್ಲಿ ಎಲೀಯ ಪ್ರವಾದಿ ಒಮ್ಮೆ ಹೀಗೇ ಆಗಿದ್ದ. ಅರಸರು ಪುಸ್ತಕದ ಮೊದಲ ಭಾಗ, 19ನೇ ಅಧ್ಯಾಯ. ಪೊದೆಯ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳಿ ಮಲಗಿಬಿಡುತ್ತಾನೆ. ಭೇಷ್, ಎಂಥ ದೀನತೆ ಅಂತ ದೇವರು ಹೊಗಳುವುದಿಲ್ಲ. ಬೈಯುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತಲೆದೆಸೆಯಲ್ಲಿ. ಎದ್ದು ತಿನ್ನು. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲ ಎಬ್ಬಿಸಿ, ಮತ್ತೆ ತಿನ್ನು, ದಾರಿ ದೂರವಿದೆ. ಕೆಲಸ, ಕರೆ, ಮುಂದಿನ ಮಾತು ಎಲ್ಲ ಆಮೇಲೆ. ಮೊದಲು ಊಟ, ನಿದ್ದೆ.

ನೀವು ಅಲ್ಲಿಂದಲೇ ಶುರು ಮಾಡಿ. ‘ಹೇಗಿದ್ದೀಯ?’ ಅಂತ ಕೇಳಬೇಡಿ. ಚೆನ್ನಾಗಿದ್ದೇನೆ ಅನ್ನುತ್ತಾನೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮೊದಲು ಇಷ್ಟಪಡುತ್ತಿದ್ದ ಹಾಡು ಈಗಲೂ ಹಾಡುತ್ತೀಯಾ ಅಂತ ಕೇಳಿ. ಕೊನೆಯ ಸಲ ಯಾರ ಮನೆಯಲ್ಲಿ ಉಂಡೆ, ಏನು ಬಡಿಸಿದರು ಅಂತ ಕೇಳಿ. ಮನೆಯ ಹೆಸರು, ಮಕ್ಕಳ ಹೆಸರು, ಆ ಅಡುಗೆಯ ರುಚಿ ಎಲ್ಲ ಹೇಳಲು ಶುರು ಮಾಡಿದರೆ ನಿಮ್ಮ ಅಮ್ಮ ಹೇಳುವುದು ಸರಿ ಇರಬಹುದು. ಮೊದಲಿದ್ದ ಜಂಬ ಇಳಿಯುತ್ತಿರುವ ನೋವು ಅದು. ನೋವಾದರೂ ಒಳ್ಳೆಯದೇ. ‘ನಾನೇ ಏನೋ ಮಾಡ್ಕೋತೀನಿ, ಯಾರ ಮನೆಗೂ ಹೋಗಲ್ಲ’ ಅಂದರೆ ನಿಮ್ಮ ಭಯ ಸರಿ.

ನಿದ್ದೆ ಕೆಟ್ಟು, ಊಟ ಬಿಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ವಾರಗಟ್ಟಲೆ ಹೀಗೇ ನಡೆದಿದ್ದರೆ ವೈದ್ಯರನ್ನು ಕಾಣಬೇಕು. ಇದರಲ್ಲಿ ನಾಚಿಕೆಯ ಮಾತೇ ಇಲ್ಲ. ಮಲೇರಿಯಾ ಬಂದರೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ನುಂಗುತ್ತೇವೆ. ಬದುಕುವುದೇ ಬೇಡ ಎಂಬಂಥ ಮಾತು ಒಂದು ಸಲ ಬಂದರೂ ವಾರ ಕಾಯಬೇಡಿ, ಆ ದಿನವೇ ಅವನ ಹತ್ತಿರದಲ್ಲಿರುವ ಯಾರನ್ನಾದರೂ ಅವನ ಬಳಿ ಕಳಿಸಿ, ಸುಪೀರಿಯರ್‌ಗೂ ಫೋನ್ ಮಾಡಿ. ಅಕ್ಕ ಫೋನ್ ಮಾಡಿದರೆ ತಮ್ಮನ ಮರ್ಯಾದೆ ಹೋಗುತ್ತದೆ ಅಂತ ಹಿಂಜರಿಯಬೇಡಿ. ನಾನು ಸುಪೀರಿಯರ್ ಆಗಿದ್ದಾಗ ಇಂಥ ಎರಡು ಫೋನ್ ಬಂದಿವೆ. ಎರಡಕ್ಕೂ ಇವತ್ತಿಗೂ ಋಣಿ.

ಎರಡು ವರ್ಷದಿಂದ ಮನೆಗೆ ಬಂದಿಲ್ಲ ಎಂದು ಬರೆದಿದ್ದೀರಿ. ರಜೆ ತೆಗೆದುಕೊಳ್ಳುವುದು ಆಲಸ್ಯವೂ ಅಲ್ಲ, ಮಿಷನ್‌ಗೆ ಮೋಸವೂ ಅಲ್ಲ. ಧರ್ಮಸಭೆಯ ಕಾನೂನಿನ 533ನೇ ನಿಯಮವೇ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳ ತನಕ ರಜೆ ಇದೆ ಅನ್ನುತ್ತದೆ. ವಾರ್ಷಿಕ ಧ್ಯಾನಕೂಟದ ದಿನಗಳನ್ನು ಆ ಲೆಕ್ಕಕ್ಕೆ ಸೇರಿಸುವುದೂ ಇಲ್ಲ. ನಾನಿಲ್ಲದಿದ್ದರೆ ಊರು ನಡೆಯುವುದಿಲ್ಲ ಅಂದುಕೊಂಡು ರಜೆ ಬಿಡುವವನೂ, ನಾನು ಬರೀ ಸೊನ್ನೆ ಅನ್ನುವವನೂ ಎಷ್ಟೋ ಸಲ ಒಬ್ಬನೇ ಆಗಿರುತ್ತಾನೆ. ಇದನ್ನು ಅವನಿಗೆ ಮೆಲ್ಲಗೆ ಹೇಳಿ. ಅಕ್ಕ ಹೇಳಿದರೆ ನಾಟುತ್ತದೆ.

ಅವನಿಗೊಬ್ಬ ಆತ್ಮಿಕ ಮಾರ್ಗದರ್ಶಿ ಇದ್ದಾರೆಯೇ ಎಂದೂ ಕೇಳಿ. ಪಾಪನಿವೇದನೆಯಲ್ಲಿ ಅವನು ಹೇಳಿದ್ದು ಏನು ಎಂದು ಕೇಳಬೇಡಿ, ಹೋಗಲು ಒಬ್ಬರಿದ್ದಾರಾ ಎಂದು ಮಾತ್ರ. ದೂರದ ಗುಡ್ಡದಲ್ಲಿ ಒಬ್ಬನೇ ಇರುವ ಗುರುವಿಗೆ ತಿಂಗಳಿಗೊಮ್ಮೆ ಮನಸ್ಸು ಬಿಚ್ಚಲು ಇನ್ನೊಬ್ಬ ಗುರು ಬೇಕೇ ಬೇಕು. ಇಬ್ಬಿಬ್ಬರನ್ನಾಗಿ ಕಳಿಸಿದ್ದು ಸುಮ್ಮನೆ ಅಲ್ಲ.

ಅಮ್ಮನಿಗೂ ಒಂದು ಕೆಲಸವಿದೆ. ಮಗ ದೀನನಾಗಿದ್ದಾನೆ ಎಂದು ಹೆಮ್ಮೆಪಡುವ ಬದಲು, ಮುಂದಿನ ಸಲ ಆ ಊರಿನಲ್ಲಿ ಅವನಿಗೆ ಅಡುಗೆ ಮಾಡಿಕೊಡುವ ಹೆಂಗಸಿನ ಹೆಸರು ಕೇಳಿ ತಿಳಿದುಕೊಳ್ಳಲಿ. ಅವಳಿಗೆ ಒಂದು ಸೀರೆಯನ್ನೋ, ನಿಮ್ಮ ಮನೆಯ ಉಪ್ಪಿನಕಾಯಿಯನ್ನೋ ಕಳಿಸಲಿ. ಅವನ ಕೈಯಲ್ಲೇ ಕೊಡಿಸಲಿ. ಕೊಡಲು ಅವನು ಆ ಮನೆಗೆ ಹೋಗಬೇಕಾಗುತ್ತದೆ, ಹೋದರೆ ಅವರು ಕೂರಿಸಿ ಏನಾದರೂ ತಿನ್ನಲು ಕೊಡುತ್ತಾರೆ. ಬೇಡ ಅನ್ನಬಾರದು ಎಂದು ನೀವು ಮೊದಲೇ ಹೇಳಿರಿ.